ತೋಟಾ ಸಿಗದ ಕಾಲಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

2020ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಎರಡು ವರ್ಷ ಅಮೆರಿಕದ ಕೋವಿ ಅಂಗಡಿಗಳಲ್ಲಿ ತೋಟಾ ಇಡುವ ಕಪಾಟು ಬರಿದಾಗಿತ್ತು. ಸಿಕ್ಕರೂ ಬೆಲೆ ನಾಲ್ಕು ಪಟ್ಟು. ಅಲ್ಲಿ ನೆಲೆಸಿ ಗುರಿ ಅಭ್ಯಾಸವನ್ನೋ ಬೇಟೆಯನ್ನೋ ಹಚ್ಚಿಕೊಂಡ ಕನ್ನಡಿಗರು ಇನ್ನೊಮ್ಮೆ ಹಾಗಾದರೆ ಏನು ಮಾಡಬೇಕೆಂದು ಕೇಳಿ ಬರೆದಿದ್ದಾರೆ. ವಿರಾಜಪೇಟೆಯಿಂದ ಒಂದು, ಬೆಂಗಳೂರಿನಿಂದ ಒಂದು ಪತ್ರವೂ ಬಂದಿವೆ. ಉತ್ತರಕ್ಕೆ ಮೊದಲು ಪದದ ಬಗ್ಗೆ ಒಂದು ಮಾತು. ಆಡುವಾಗ ಎಲ್ಲವನ್ನೂ ‘ಗುಂಡು’ ಎಂದುಬಿಡುತ್ತೇವೆ. ಇಲ್ಲಿ ತೋಟಾ ಎಂದರೆ ನಾಲ್ಕು ಭಾಗ ಸೇರಿದ ಇಡೀ ವಸ್ತು: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಳೆಯ ಕೋವಿಗಳಲ್ಲಿ ಕೇಪು ಮಾಡುತ್ತಿದ್ದ ಕೆಲಸವನ್ನೇ ಪ್ರೈಮರ್ ಮಾಡುತ್ತದೆ. ಗುಂಡಿನ ಬದಲು ಚರೆ ತುಂಬಿದ್ದರೆ ಅದು ಷಾಟ್‌ಗನ್ ತೋಟಾ.

ಪ್ರ: ಇಷ್ಟು ದೊಡ್ಡ ಕೈಗಾರಿಕಾ ದೇಶದಲ್ಲಿ ಎರಡು ವರ್ಷವಾದರೂ ತೋಟಾ ಸಾಕಾಗಲಿಲ್ಲ ಎಂದರೆ ನಂಬುವುದು ಕಷ್ಟ. ಕಂಪನಿಗಳೇ ಮಾಲು ತಡೆದಿಟ್ಟಿದ್ದವು ಎಂದು ನಮ್ಮ ಕ್ಲಬ್ಬಿನಲ್ಲಿ ಹಲವರು ಹೇಳುತ್ತಾರೆ. ನಿಜವೇ? (ಡಲ್ಲಾಸ್)

ಉ: ತಡೆದಿಟ್ಟಿರಲಿಲ್ಲ. ಕಾರ್ಖಾನೆಗಳು ಹಗಲುರಾತ್ರಿ ಪಾಳಿಯಲ್ಲಿ ಓಡುತ್ತಿದ್ದವು. ಬೇಡಿಕೆ ಮಾತ್ರ ಅದಕ್ಕಿಂತ ಜೋರಾಗಿ ಓಡಿತು. ಕೋವಿ ಕೊಳ್ಳುವವರ ಹಿನ್ನೆಲೆ ತಪಾಸಣೆಗಾಗಿ ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ 2019ರಲ್ಲಿ ಸುಮಾರು 2.84 ಕೋಟಿ ತಪಾಸಣೆಗಳಾಗಿದ್ದವು, 2020ರಲ್ಲಿ 3.97 ಕೋಟಿ. ಆ ವರ್ಷ ಮೊದಲ ಬಾರಿಗೆ ಕೋವಿ ಕೊಂಡವರೇ 84 ಲಕ್ಷ ಎಂಬುದು ಕೋವಿ ಉದ್ಯಮದ ಸಂಘಟನೆಯ ಅಂದಾಜು. ಒಬ್ಬೊಬ್ಬರು 50ರ ಎರಡೇ ಎರಡು ಪೆಟ್ಟಿಗೆ ತೆಗೆದುಕೊಂಡರೂ 84 ಕೋಟಿ ತೋಟಾ ಹೆಚ್ಚುವರಿಯಾಗಿ ಬೇಕು. ಹಳೆಯ ಗಿರಾಕಿಗಳು ಹೆದರಿ ಒಂದರ ಬದಲು ಐದು ಪೆಟ್ಟಿಗೆ ಎತ್ತಿದ್ದು ಇದರ ಮೇಲಿನ ಲೆಕ್ಕ.

ಅದೇ ಹೊತ್ತಿಗೆ ರೆಮಿಂಗ್ಟನ್ ಕಂಪನಿ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಅರ್ಕಾನ್ಸಾಸ್‌ನ ಲೋನೋಕ್ ತೋಟಾ ಕಾರ್ಖಾನೆಯನ್ನು ಫೆಡರಲ್ ಮತ್ತು ಸಿಸಿಐ ಬ್ರಾಂಡುಗಳ ಒಡೆತನದ ವಿಸ್ಟಾ ಔಟ್‌ಡೋರ್ 8.14 ಕೋಟಿ ಡಾಲರ್‌ಗೆ ಕೊಂಡು ಮತ್ತೆ ಪೂರ್ತಿ ವೇಗಕ್ಕೆ ತರಲು ತಿಂಗಳುಗಳೇ ಬೇಕಾದವು.

ಆದರೆ ನಿಜವಾಗಿ ಕೊರಳು ಹಿಡಿದದ್ದು ಪ್ರೈಮರ್. ಕೇಸು, ಗುಂಡು ಇವೆರಡೂ ಲೋಹದ ಕೆಲಸ. ಯಂತ್ರ ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆ. ಪ್ರೈಮರ್ ಹಾಗಲ್ಲ. ಅದರೊಳಗಿನ ಸ್ಫೋಟಕವನ್ನು ಒದ್ದೆಯಾಗಿರುವಾಗಲೇ ಪುಟ್ಟ ಬಟ್ಟಲುಗಳಿಗೆ ತುಂಬಿ ಆಮೇಲೆ ಒಣಗಿಸಬೇಕು. ಒಣಗಿದ ಮೇಲೆ ಸಣ್ಣ ತಟ್ಟು, ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಅದಕ್ಕೆಂದೇ ಕಟ್ಟಡ, ನುರಿತ ಕೈಗಳು, ಸುರಕ್ಷತಾ ಅನುಮತಿ ಎಲ್ಲ ಬೇಕು. ಆಗ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ಪ್ರೈಮರ್ ಮಾಡುತ್ತಿದ್ದ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಅವು ಮೊದಲು ತಮ್ಮ ತೋಟಾಕ್ಕೆ ಬಳಸಿ, ಉಳಿದರೆ ಬಿಡಿಯಾಗಿ ಮಾರುತ್ತವೆ.

ಹೊಸ ಕಾರ್ಖಾನೆ ಕಟ್ಟಲು ಅವರು ಹಿಂಜರಿದದ್ದಕ್ಕೂ ಕಾರಣವಿದೆ. 2012ರ ಕೊನೆಯ ಸ್ಯಾಂಡಿ ಹುಕ್ ಶಾಲಾ ಹತ್ಯಾಕಾಂಡದ ನಂತರ ಹೊಸ ಕಾನೂನಿನ ಭಯದಿಂದ ಜನ .22 ತೋಟಾವನ್ನು (ಇಂಥ ಅಂಕಿ ಗುಂಡಿನ ದಪ್ಪವನ್ನು ಅಂಗುಲದಲ್ಲಿ ಸೂಚಿಸುತ್ತದೆ) ವರ್ಷಗಟ್ಟಲೆ ಬಾಚಿದರು. 2017ರ ನಂತರ ಬೇಡಿಕೆ ಕುಸಿದು ಗೋದಾಮು ತುಂಬಿತು, ಬೆಲೆ ಬಿತ್ತು. ಈ ಏರಿಳಿತ ಕಂಡವರು ಒಂದು ವರ್ಷದ ಗಲಾಟೆ ನೋಡಿ ಹತ್ತಾರು ವರ್ಷದ ಬಂಡವಾಳ ಹಾಕುವುದಿಲ್ಲ.

ಪ್ರ: ಕಪಾಟಿನಲ್ಲಿ 9 ಎಂಎಂ ಆಗಾಗ ಕಂಡರೂ ನನ್ನ ಬೇಟೆ ರೈಫಲ್ಲಿನ .243 ತೋಟಾ ಒಂದೂವರೆ ವರ್ಷ ಕಣ್ಣಿಗೇ ಬೀಳಲಿಲ್ಲ. ಯಾಕೆ? (ಮ್ಯಾಡಿಸನ್)

ಉ: ಯಂತ್ರವನ್ನು ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಿಸುವುದಕ್ಕೆ ಸಮಯ ಹಿಡಿಯುತ್ತದೆ, ಅಷ್ಟು ಹೊತ್ತು ಉತ್ಪಾದನೆ ನಿಲ್ಲುತ್ತದೆ. ಅಭಾವದಲ್ಲಿ ಕಾರ್ಖಾನೆ ಹೆಚ್ಚು ಜನ ಕೇಳುವ 9 ಎಂಎಂ, .223ರ ಮೇಲೆಯೇ ಯಂತ್ರ ಓಡಿಸುತ್ತದೆ. .243, .270ರಂಥ ಬೇಟೆ ತೋಟಾಗಳನ್ನು ಮಾಮೂಲಿ ದಿನಗಳಲ್ಲೂ ವರ್ಷಕ್ಕೆ ಒಂದೆರಡು ಸರದಿಯಲ್ಲಷ್ಟೇ ಮಾಡುತ್ತಾರೆ; ಆ ಸರದಿ ತಪ್ಪಿದರೆ ಮುಂದಿನ ವರ್ಷವೇ. ಬೇಟೆಗಾರನಿಗೆ ಋತುವಿಗೆ ಬೇಕಾದದ್ದು ಕಡಿಮೆ: ರೈಫಲ್ಲಿನ ಮೇಲಿನ ದೂರದರ್ಶಕ ಸರಿಹೊಂದಿಸಲು ಹತ್ತು, ಬೇಟೆಗೆ ಐದಾರು. 20ರ ಎರಡು ಪೆಟ್ಟಿಗೆಯನ್ನು ವಸಂತದಲ್ಲೇ ತೆಗೆದಿಡಿ, ಎರಡೂ ಒಂದೇ ಲಾಟ್ ಸಂಖ್ಯೆಯದಾಗಿರಲಿ, ಅಂದರೆ ಒಂದೇ ಕಂತಿನಲ್ಲಿ ತಯಾರಾದದ್ದು. ಸೆಪ್ಟೆಂಬರ್‌ನಲ್ಲಿ ಹುಡುಕಲು ಹೊರಟರೆ ಊರಿನ ಎಲ್ಲ ಬೇಟೆಗಾರರೂ ನಿಮ್ಮ ಮುಂದೆಯೇ ಸಾಲಿನಲ್ಲಿರುತ್ತಾರೆ.

ಪ್ರ: ಒಂದು ಜಾಲತಾಣದಲ್ಲಿ ಪೆಟ್ಟಿಗೆಗೆ 32.99 ಡಾಲರ್, ಹತ್ತಿರದ ರೇಂಜಿನಲ್ಲಿ (ಗುರಿ ಅಭ್ಯಾಸದ ಜಾಗ) 34.99, ಇನ್ನೊಂದು ಕಡೆ ಸಾವಿರಕ್ಕೆ 620. ಯಾವುದು ಸೋವಿ ಎಂದು ತಲೆ ಕೆಟ್ಟುಹೋಗುತ್ತದೆ. (ಹ್ಯೂಸ್ಟನ್)

ಉ: ಪೆಟ್ಟಿಗೆಯ ಬೆಲೆ ಮರೆತುಬಿಡಿ. ಮನೆ ಬಾಗಿಲಿಗೆ ಬಂದ ಒಂದು ತೋಟಾದ ಬೆಲೆ ಎಷ್ಟು ಸೆಂಟ್, ಅದೊಂದೇ ಲೆಕ್ಕ. ನೀವು ಕೊಟ್ಟ ಅಂಕಿಗಳನ್ನೇ ಹಿಡಿಯೋಣ. ನಿಮ್ಮಲ್ಲಿ ಮಾರಾಟ ತೆರಿಗೆ 8.25 ಶೇಕಡಾ, ಟೆಕ್ಸಾಸ್‌ನಲ್ಲಿ ಅದು ಸಾಗಣೆ ಶುಲ್ಕದ ಮೇಲೂ ಬೀಳುತ್ತದೆ.

ಜಾಲತಾಣದ 50ರ ಪೆಟ್ಟಿಗೆ 32.99, ಸಾಗಣೆ 14.95 ಎಂದಿಟ್ಟುಕೊಳ್ಳಿ. ಕೂಡಿದರೆ 47.94, ತೆರಿಗೆ ಸೇರಿ 51.90. ಐವತ್ತರಿಂದ ಭಾಗಿಸಿದರೆ ಒಂದಕ್ಕೆ 1 ಡಾಲರ್ 4 ಸೆಂಟ್. ರೇಂಜಿನ ಪೆಟ್ಟಿಗೆ ತೆರಿಗೆ ಸೇರಿ 37.88, ಅಂದರೆ ಒಂದಕ್ಕೆ 76 ಸೆಂಟ್. ಸಾವಿರದ ಪೆಟ್ಟಿಗೆ 620ಕ್ಕೆ ಸಾಗಣೆ 25 ಸೇರಿಸಿ ತೆರಿಗೆ ಹಾಕಿದರೆ 698.21, ಒಂದಕ್ಕೆ 70 ಸೆಂಟ್. ಕಣ್ಣಿಗೆ ಎಲ್ಲಕ್ಕಿಂತ ಕಡಿಮೆ ಕಂಡ ಬೆಲೆಯೇ ಎಲ್ಲಕ್ಕಿಂತ ದುಬಾರಿ. ತೋಟಾ ಭಾರದ ಸರಕು. 9 ಎಂಎಂನ ಸಾವಿರ ತೋಟಾ 12 ಕಿಲೋ ತೂಗುತ್ತದೆ. ಹಾಗಾಗಿ ಒಂದೊಂದೇ ಪೆಟ್ಟಿಗೆ ತರಿಸಿದರೆ ಸಾಗಣೆಯೇ ನುಂಗಿಹಾಕುತ್ತದೆ. ಇಬ್ಬರು ಮೂವರು ಸೇರಿ ಸಾವಿರದ ಪೆಟ್ಟಿಗೆ ತರಿಸಿ ಹಂಚಿಕೊಳ್ಳುವುದು ಒಳ್ಳೆಯದು, ಆದರೆ ಯಾರ ಜೊತೆ ಹಂಚಿಕೊಳ್ಳಬಹುದು ಎಂಬುದಕ್ಕೆ ಮುಂದಿನ ಉತ್ತರ ಓದಿ.

ಪೆಟ್ಟಿಗೆಯೊಳಗಿನ ಎಣಿಕೆಯನ್ನೂ ನೋಡಿ. ಅಭ್ಯಾಸದ 9 ಎಂಎಂ 50ರ ಪೆಟ್ಟಿಗೆ. ರಕ್ಷಣೆಗೆಂದು ಮಾರುವ ಟೊಳ್ಳು ಮೂತಿಯ ಗುಂಡಿನದು 20 ಅಥವಾ 25. ಆತುರದಲ್ಲಿ ಇದನ್ನು ತಪ್ಪಿದವರು ಬಹಳ.

ಮಾಮೂಲಿ ಬೆಲೆ ಎಂದರೆ ಎಷ್ಟೆಂದು ಮನಸ್ಸಿನಲ್ಲಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ. 2020ಕ್ಕೆ ಮೊದಲು ಹಿತ್ತಾಳೆ ಕೇಸಿನ 9 ಎಂಎಂ ಒಂದಕ್ಕೆ 18-20 ಸೆಂಟ್, .22 ನಾಲ್ಕೈದು ಸೆಂಟ್ ಇತ್ತು. 2021ರ ಮೊದಲ ತಿಂಗಳುಗಳಲ್ಲಿ 9 ಎಂಎಂ 75 ಸೆಂಟ್ ದಾಟಿ ಕೆಲವೆಡೆ ಡಾಲರ್ ಮುಟ್ಟಿತು. 2022ರ ಆರಂಭದಲ್ಲಿ 35ರ ಆಸುಪಾಸು, 2023ರ ಹೊತ್ತಿಗೆ 25ರ ಹತ್ತಿರ ಇಳಿಯಿತು. ಶಿಖರದ ಬೆಲೆಯಲ್ಲಿ ಸಾವಿರ ಕೊಂಡವರು ಒಂದೇ ವರ್ಷ ತಡೆದಿದ್ದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು.

ಪ್ರ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಹಸಿರು ಕಾರ್ಡಿನ ಗೆಳೆಯನೊಬ್ಬ ತಾನು ಕೂಡಿಟ್ಟ ತೋಟಾದಲ್ಲಿ 200 ಕೊಡುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಬಹುದೇ? (ಆಸ್ಟಿನ್)

ಉ: ನಿಮ್ಮ ಕೈಯಲ್ಲಿ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇಲ್ಲದಿದ್ದರೆ ಮುಟ್ಟಬೇಡಿ. ಇದು ಬೆಲೆಗಿಂತ ಬಹಳ ದೊಡ್ಡ ವಿಷಯ, ನಮ್ಮವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ.

ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಈ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅಪರಾಧ. ಒಂದೇ ತೋಟಾ ಆದರೂ ಅಷ್ಟೇ. ಶಿಕ್ಷೆಯ ಮಿತಿ 2022ರಿಂದ 15 ವರ್ಷ. ಜೈಲಿಗೆ ಮುಂಚೆ ವೀಸಾ ಹೋಗುತ್ತದೆ. ಸಾಮಾನ್ಯರಿಗೆ ಉಪಯೋಗವಾಗುವ ವಿನಾಯಿತಿ ಮುಖ್ಯವಾಗಿ ಒಂದು: ಯಾವುದಾದರೂ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದು ಇದ್ದವರು ಅಂಗಡಿಯಲ್ಲಿ ಕೊಳ್ಳಬಹುದು, ರೇಂಜಿಗೂ ಹೋಗಬಹುದು. ರಾಜ್ಯದ ಬೇರೆ ಕಾನೂನುಗಳನ್ನು ಪಾಲಿಸಬೇಕು. ಹಸಿರು ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

ಟೆಕ್ಸಾಸ್ ಪರವಾನಗಿಯಲ್ಲಿ ಒಂದು ತೊಡಕಿದೆ. ನೀವು ಯಾವ ತಿಂಗಳು ಕೊಂಡರೂ ಸಾಮಾನ್ಯ ಬೇಟೆ ಪರವಾನಗಿಯ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಿಗ್ಗೆ ನಿಮ್ಮ ಕಪಾಟಿನಲ್ಲಿರುವ ತೋಟಾ ಅಕ್ರಮವಾಗುತ್ತದೆ. ಹೊಸ ವರ್ಷದ ಪರವಾನಗಿ ಆಗಸ್ಟ್ 15ರಿಂದ ಸಿಗುತ್ತದೆ, ಆ ವಾರವೇ ಮಾಡಿಸಿ, ಅದರ ಒಂದು ಪ್ರತಿಯನ್ನು ತೋಟಾ ಡಬ್ಬಿಯಲ್ಲೂ ಇಡಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪಾಠವೂ ಕಡ್ಡಾಯ.

ಗೆಳೆಯನಿಗೂ ಹೇಳಿ: ಹೊಂದಲು ಅರ್ಹತೆ ಇಲ್ಲ ಎಂದು ಗೊತ್ತಿರುವವರಿಗೆ ತೋಟಾ ಕೊಡುವುದೂ, ಮಾರುವುದೂ ಅವನ ಕಡೆಯಿಂದ ಅಪರಾಧವೇ. ಪುಕ್ಕಟೆ ಕೊಟ್ಟೆ ಎಂದರೆ ತಪ್ಪುವುದಿಲ್ಲ. ಇನ್ನೊಂದು ಸನ್ನಿವೇಶ ಮನೆಗಳಲ್ಲೇ ಇದೆ. ಗಂಡನಿಗೆ ಬೇಟೆ ಪರವಾನಗಿ ಇದೆ, ಎಚ್-4ರ ಹೆಂಡತಿಗೆ ಇಲ್ಲ. ತಿಜೋರಿಯ ಕೀಲಿಯೋ ಸಂಖ್ಯೆಯೋ ಆಕೆಯ ಬಳಿ ಇದ್ದರೆ ಆಕೆಯೂ ಹೊಂದಿದ್ದಾಳೆ ಎಂದು ವಾದಿಸಲು ದಾರಿಯಾಗುತ್ತದೆ. ಒಂದೋ ಆಕೆಗೂ ಪರವಾನಗಿ ಮಾಡಿಸಿ, ಇಲ್ಲವೇ ಕೀಲಿ ಆಕೆಗೆ ಸಿಗದ ಹಾಗೆ ಇಡಿ.

ಪ್ರ: ಎಲ್ಲೂ ಸಿಗದ ತೋಟಾ ಒಂದು ಜಾಲತಾಣದಲ್ಲಿ ಅರ್ಧ ಬೆಲೆಗೆ, ‘ಬೇಕಾದಷ್ಟು ದಾಸ್ತಾನಿದೆ’ ಎಂದು ಕಾಣುತ್ತಿದೆ. (ಚಾರ್ಲೆಟ್)

ಉ: ಮೋಸ. ಅಭಾವ ಬಂದಾಗಲೆಲ್ಲ ಇಂಥ ನಕಲಿ ಅಂಗಡಿಗಳು ಹುಟ್ಟುತ್ತವೆ. ಹಣ ಪಾವತಿಯ ಪುಟಕ್ಕೆ ಹೋಗಿ ನೋಡಿ: ಕ್ರೆಡಿಟ್ ಕಾರ್ಡ್ ಒಪ್ಪದೆ ಝೆಲ್ (ಬ್ಯಾಂಕ್ ಖಾತೆಯಿಂದ ನೇರ ಹಣ ಕಳಿಸುವ ಸೇವೆ), ಬಿಟ್‌ಕಾಯಿನ್, ಗಿಫ್ಟ್ ಕಾರ್ಡ್ ಕೇಳಿದರೆ ಅಲ್ಲಿಗೇ ಬಿಡಿ. ನಿಜವಾದ ವ್ಯಾಪಾರಿ ವಯಸ್ಸು ಕೇಳುತ್ತಾನೆ. ಪರವಾನಗಿ ಪಡೆದ ವ್ಯಾಪಾರಿ ಪಿಸ್ತೂಲ್ ತೋಟಾವನ್ನು 21ಕ್ಕಿಂತ ಕಡಿಮೆ ವಯಸ್ಸಿನವರಿಗೆ, ರೈಫಲ್ ತೋಟಾವನ್ನು 18ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರುವಂತಿಲ್ಲ. ಅಂಚೆಯಲ್ಲಿ ಕಳಿಸುತ್ತೇವೆ ಎಂದರೂ ಸುಳ್ಳೇ. ಅಮೆರಿಕದ ಅಂಚೆ ಇಲಾಖೆ ತೋಟಾ ಸಾಗಿಸುವುದಿಲ್ಲ, ಖಾಸಗಿ ಕೊರಿಯರ್ ಮೂಲಕವೇ ಬರಬೇಕು.

ಪ್ರ: ನನ್ನ ಅಳತೆಯ ತೋಟಾ ಸಿಗದಿದ್ದಾಗ ಹತ್ತಿರದ ಅಳತೆಯದನ್ನು ಬಳಸಬಹುದೇ? ಅಂಗಡಿಯ ಹುಡುಗ ‘ನಡೆಯುತ್ತೆ’ ಎಂದ. (ಫೀನಿಕ್ಸ್)

ಉ: ಅಂಗಡಿಯವನ ಬಾಯಿಮಾತಿನ ಮೇಲೆ ಕೋವಿಗೆ ಏನನ್ನೂ ತುಂಬಬೇಡಿ. ನಳಿಗೆಯ ಮೇಲೆ ಕೆತ್ತಿದ್ದು, ತೋಟಾದ ಬುಡದಲ್ಲಿ ಅಚ್ಚೊತ್ತಿದ್ದು ಎರಡೂ ಅಕ್ಷರಶಃ ಹೊಂದಬೇಕು. ಅಭಾವದ ಕಾಲದಲ್ಲಿ ಕೋವಿ ಸಿಡಿಯುವುದು ಹೆಚ್ಚಾಗಿ ಈ ‘ನಡೆಯುತ್ತೆ’ಯಿಂದ.

ಸುರಕ್ಷಿತ ಬದಲಿಗಳು ಕೆಲವಿವೆ. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ತಿರುಗುಮುರುಗಾಗಿ ಅಲ್ಲ. 5.56 ಎಂದು ಕೆತ್ತಿದ ರೈಫಲ್ಲಿನಲ್ಲಿ .223 ಹಾರಿಸಬಹುದು, ಬರೀ .223 ಎಂದು ಕೆತ್ತಿದ್ದರಲ್ಲಿ 5.56 ಬೇಡ, ಒತ್ತಡ ಮಿತಿ ಮೀರಬಹುದು.

9 ಎಂಎಂ ಎಂಬ ಹೆಸರೇ ಗೊಂದಲ. 9 ಎಂಎಂ ಲೂಗರ್, 9 ಎಂಎಂ ಮಕರೋವ್, 9 ಎಂಎಂ ಕುರ್ಟ್ಸ್ ಮೂರೂ ಬೇರೆ. ಕೊನೆಯದು .380 ಎಂದು ಮಾರಾಟವಾಗುವ ಗಿಡ್ಡ ತೋಟಾ. ಲೂಗರ್ ಎಂಬುದೇ ಪ್ಯಾರಾಬೆಲಮ್, ಅದೇ 9x19.

ಎರಡು ತಪ್ಪುಗಳು ಪ್ರಾಣಕ್ಕೇ ಎರವಾಗುವಂಥವು. .300 ಬ್ಲ್ಯಾಕ್‌ಔಟ್ ತೋಟಾ .223ರದ್ದೇ ಮ್ಯಾಗಜೀನಿಗೆ (ತೋಟಾ ತುಂಬಿ ಕೋವಿಗೆ ಸಿಕ್ಕಿಸುವ ಡಬ್ಬಿ) ಹಿಡಿಯುತ್ತದೆ, ಕೆಲವೊಮ್ಮೆ .223ರ ಕೋಣೆಗೂ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ನುಗ್ಗುತ್ತದೆ. ಹಾರಿಸಿದರೆ .30 ಅಂಗುಲದ ಗುಂಡು .22ರ ನಳಿಗೆಯಲ್ಲಿ ಹೋಗಲಾರದೆ ರೈಫಲ್ ಒಡೆಯುತ್ತದೆ. ಎರಡೂ ಇರುವವರು ಮ್ಯಾಗಜೀನುಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಸುತ್ತಿ. ಎರಡನೆಯದು ಷಾಟ್‌ಗನ್ನಿನದು. 20 ಗೇಜ್ (ಗೇಜ್ ಅಥವಾ ಬೋರ್ ಎಂದರೆ ನಳಿಗೆಯ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು) ತೋಟಾ 12ರ ಕೋವಿಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ ಕಾಣುತ್ತದೆ, 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದು ಇದಕ್ಕೇ. ಜೇಬಿನಲ್ಲಿ ಎರಡನ್ನೂ ಒಟ್ಟಿಗೆ ಎಂದೂ ಇಡಬೇಡಿ.

ಉಕ್ಕಿನ ಕೇಸಿನ ರಷ್ಯನ್ ತೋಟಾ ಹಿಂದೆ ಸೋವಿಯ ಆಸರೆಯಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ನಿರ್ಬಂಧದಿಂದ ಅದರ ಆಮದಿಗೆ ಹೊಸ ಅನುಮತಿ ನಿಂತಿತು. ಎಲ್ಲಾದರೂ ಹಳೆಯ ದಾಸ್ತಾನು ಸಿಕ್ಕಿದರೆ ಮೊದಲು ನಿಮ್ಮ ರೇಂಜಿನ ನಿಯಮ ಕೇಳಿ. ಒಳಾಂಗಣ ರೇಂಜುಗಳಲ್ಲಿ ಅಯಸ್ಕಾಂತ ಹಿಡಿದು ನೋಡುತ್ತಾರೆ, ಅಂಟಿದರೆ ವಾಪಸ್ ಕಳಿಸುತ್ತಾರೆ. ಗುಂಡಿನ ಹೊದಿಕೆಯ ಉಕ್ಕು ಹಿಂಬದಿಯ ತಡೆಗೆ ಪೆಟ್ಟು ಕೊಡುತ್ತದೆಂಬುದು ಅವರ ಕಾರಣ.

ಪ್ರ: ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆ ಕೋವಿ ಇದೆ. 65 ಎಂಎಂ ತೋಟಾ ಅಂಗಡಿಯಲ್ಲಿ ಇಲ್ಲ, 70 ಇದೆ. ಹಾಕಿ ನೋಡಿದೆ, ಸಲೀಸಾಗಿ ಕೂರುತ್ತದೆ. (ವಿರಾಜಪೇಟೆ)

ಉ: ಕೂರುತ್ತದೆ, ಅದೇ ಅಪಾಯ. ತೋಟಾದ ಮೇಲೆ ಬರೆದ 70 ಎಂಎಂ ಅದು ಹಾರಿದ ಮೇಲಿನ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಅದು ಗಿಡ್ಡವಾಗಿರುತ್ತದೆ, 65ರ ಕೋಣೆಗೂ ಹೋಗುತ್ತದೆ. ಕುದುರೆ (ಟ್ರಿಗರ್) ಎಳೆದ ಕ್ಷಣ ಆ ಮಡಿಕೆ ಬಿಚ್ಚಿಕೊಳ್ಳಬೇಕು. ಅದಕ್ಕೆ ಜಾಗವಿಲ್ಲದೆ ನಳಿಗೆ ಕಿರಿದಾಗುವ ಕೊರಳಿನಲ್ಲಿ ಅದು ಚಾಚಿಕೊಂಡು ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ನೂರು ವರ್ಷದ ನಳಿಗೆಗೆ, ಅದರಲ್ಲೂ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗೆ, ಆ ಒತ್ತಡ ಕೊಡಬಾರದು.

ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಮುಂದಿನ ಮರದ ಹಿಡಿ ಕಳಚಿ ನಳಿಗೆ ಬಿಡಿಸಿ. ಕೋಣೆಯ ಅಡಿಯ ಚಪ್ಪಟೆ ಜಾಗದಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ. ಅಲ್ಲಿ ಎರಡೂವರೆ ಇಂಚು ಎಂದಿದ್ದರೆ 65, ಎರಡೂಮುಕ್ಕಾಲು ಎಂದಿದ್ದರೆ 70. ಏನೂ ಇಲ್ಲದಿದ್ದರೆ ಕೋವಿ ರಿಪೇರಿಯವರಲ್ಲಿ ಅಳತೆಗೋಲು ಹಾಕಿಸಿ. 65 ಸಿಗುವವರೆಗೆ ಕಾಯುವುದೇ ಸರಿ.

ಅಮೆರಿಕದ ಅಭಾವ ನಿಮ್ಮ 12 ಬೋರಿಗೆ ನೇರವಾಗಿ ತಟ್ಟುವುದಿಲ್ಲ. ಇಲ್ಲಿ ಸಿಗುವ ಶಕ್ತಿಮಾನ್ ಬ್ರಾಂಡಿನ ತೋಟಾ ಬರುವುದು ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯಿಂದ. 2021ರ ಅಕ್ಟೋಬರ್‌ನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಮಳೆಗಾಲದ ಬಗ್ಗೆ ಒಂದು ಸೂಚನೆ: ಹಳೆಯ ಕಾಗದದ ಕೇಸಿನ ತೋಟಾ ಉಳಿದಿದ್ದರೆ ತೇವಕ್ಕೆ ಉಬ್ಬಿರುತ್ತದೆ. ಕೋಣೆಗೆ ಒತ್ತಿ ತುರುಕಬೇಡಿ.

ಪ್ರ: ಮನೆಯಲ್ಲೇ ತೋಟಾ ತುಂಬಿಕೊಂಡರೆ ಅಭಾವ ತಟ್ಟುವುದಿಲ್ಲವಂತೆ. ಯಂತ್ರ ಕೊಳ್ಳಲೇ? (ಮಿನಿಯಾಪೊಲಿಸ್)

ಉ: ಲೆಕ್ಕ ಹಾಕಿ ನಿರ್ಧರಿಸಿ. ಒಂದು ಪೌಂಡ್ ಮದ್ದಿನಲ್ಲಿ 7000 ಗ್ರೇನ್ ಇರುತ್ತದೆ. 9 ಎಂಎಂಗೆ ಸುಮಾರು 5 ಗ್ರೇನ್ ಎಂದರೆ ಪೌಂಡಿಗೆ 1400 ತೋಟಾ. ಪೌಂಡಿಗೆ 28 ಡಾಲರ್ ಇದ್ದರೆ ಒಂದಕ್ಕೆ 2 ಸೆಂಟ್. 2020ಕ್ಕೆ ಮೊದಲಿನ ಮಾಮೂಲಿ ದಿನಗಳಲ್ಲಿ ಪ್ರೈಮರ್ ಮೂರೂವರೆ, ಗುಂಡು 9 ಸೆಂಟ್ ಇತ್ತು. ಕೇಸು ನೀವು ಹಾರಿಸಿ ಹೆಕ್ಕಿದ್ದೇ. ಒಟ್ಟು ಹದಿನಾಲ್ಕೂವರೆ. ಅಂಗಡಿಯಲ್ಲಿ 19 ಇದ್ದಾಗ ಉಳಿಯುವುದು ನಾಲ್ಕೂವರೆ ಸೆಂಟ್. 500 ಡಾಲರಿನ ಯಂತ್ರ, ತಕ್ಕಡಿ, ಅಚ್ಚುಗಳ ಖರ್ಚು ವಾಪಸಾಗಲು ಹತ್ತು ಸಾವಿರ ತೋಟಾ ದಾಟಬೇಕು. ಅಭಾವದಲ್ಲಿ ಪ್ರೈಮರ್ 15, ಮದ್ದು 3, ಗುಂಡು 12 ಆದರೂ 30 ಸೆಂಟ್, ಅಂಗಡಿಯದು 75. ಆಗ ಸಾವಿರದ ನೂರು ತೋಟಾದಲ್ಲೇ ಯಂತ್ರದ ದುಡ್ಡು ಬರುತ್ತದೆ.

ತೊಡಕು ಇರುವುದು ಇಲ್ಲಿ: ಅಭಾವದಲ್ಲಿ ಮೊದಲು ಮಾಯವಾಗುವುದೂ ಕೊನೆಗೆ ಮರಳುವುದೂ ಪ್ರೈಮರೇ. ಸಾವಿರಕ್ಕೆ 35 ಡಾಲರ್ ಇದ್ದದ್ದು ಆಗ ಕೈಯಿಂದ ಕೈಗೆ 150, 200ಕ್ಕೆ ಹೋಗಿತ್ತು. ಹಾಗಾಗಿ ಸಂತೆ ಶಾಂತವಾಗಿದ್ದಾಗ ಎರಡು ವರ್ಷಕ್ಕಾಗುವ ಪ್ರೈಮರ್ ತೆಗೆದಿಟ್ಟವರಿಗಷ್ಟೇ ಈ ಯಂತ್ರ ಆಪತ್ತಿಗೆ ಆಗುತ್ತದೆ. ತರಿಸುವಾಗ ಅಪಾಯಕಾರಿ ಸರಕಿನ ಶುಲ್ಕ ಆರ್ಡರಿಗೆ ಒಂದು ಬಾರಿ ಬೀಳುತ್ತದೆ. 30 ಡಾಲರ್ ಶುಲ್ಕ ಸಾವಿರಕ್ಕೆ ಹಂಚಿದರೆ ಒಂದಕ್ಕೆ 3 ಸೆಂಟ್, ಐದು ಸಾವಿರಕ್ಕೆ ಹಂಚಿದರೆ ಅರ್ಧ ಸೆಂಟ್ ಚಿಲ್ಲರೆ. ಮನೆಯಲ್ಲಿ 10,000 ಪ್ರೈಮರ್, 20 ಪೌಂಡ್ ಮದ್ದಿಗಿಂತ ಹೆಚ್ಚು ಇಡಬೇಡಿ, ಮೂಲ ಡಬ್ಬಿಯಿಂದ ತೆಗೆಯಬೇಡಿ; ಅಗ್ನಿ ಸುರಕ್ಷತಾ ಮಾನದಂಡದ ಮಿತಿ ಅದು. ಸಿಗಲಿಲ್ಲವೆಂದು ಬೇರೆ ಜಾತಿಯ ಪ್ರೈಮರ್ ಹಾಕಿ ಹಳೆಯ ಅಳತೆಯಲ್ಲೇ ಮದ್ದು ತುಂಬುವುದು ಬೇಡ. ಒಂದು ಭಾಗ ಬದಲಾದರೂ ಮದ್ದು ತಯಾರಕರ ಕೈಪಿಡಿ ಹಿಡಿದು ಕನಿಷ್ಠದಿಂದ ಮತ್ತೆ ಶುರುಮಾಡಬೇಕು.

ಪ್ರ: ತೋಟಾ ಎಷ್ಟು ಕೂಡಿಡಬೇಕು, ಎಲ್ಲಿ ಇಡಬೇಕು? ಸದ್ಯ ಪಿಸ್ತೂಲಿಗೆ ಇದ್ದ ಹದಿನೈದನ್ನೇ ರಾತ್ರಿ ತುಂಬಿ ಬೆಳಿಗ್ಗೆ ತೆಗೆಯುತ್ತಿದ್ದೇನೆ. (ಅಟ್ಲಾಂಟಾ)

ಉ: ಮೊದಲು ಆ ಹದಿನೈದನ್ನು ನೋಡಿ. ದಿನವೂ ಕೋಣೆಗೆ ಹೋಗಿ ಬರುವ ಮೊದಲನೆಯ ತೋಟಾದ ಮೂತಿ ಪ್ರತಿ ಸಲ ಉಕ್ಕಿನ ಇಳಿಜಾರಿಗೆ ಬಡಿಯುತ್ತದೆ. ಗುಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೇಸಿನೊಳಗೆ ಇಳಿಯುತ್ತದೆ. ಒಳಗೆ ಜಾಗ ಕಡಿಮೆಯಾದಷ್ಟೂ ಹಾರುವಾಗ ಒತ್ತಡ ಹೆಚ್ಚು. ಮೇಜಿನ ಮೇಲೆ ಅದೇ ಪೆಟ್ಟಿಗೆಯ ಮುಟ್ಟದ ತೋಟಾ ಒಂದನ್ನು ನಿಲ್ಲಿಸಿ, ಪಕ್ಕದಲ್ಲಿ ಇದನ್ನು ನಿಲ್ಲಿಸಿ, ಕಣ್ಣನ್ನು ಅದರ ಮಟ್ಟಕ್ಕೆ ತನ್ನಿ. ಗಿಡ್ಡವಾಗಿ ಕಂಡರೆ ಅದನ್ನು ಹಾರಿಸಬೇಡಿ, ರೇಂಜಿನಲ್ಲಿ ಹಾಳಾದ ತೋಟಾ ಹಾಕುವ ಡಬ್ಬಕ್ಕೆ ಹಾಕಿ.

ದಾಸ್ತಾನಿಗೆ ನಮ್ಮ ಸಲಹೆ ಒಂದು ವರ್ಷದ ನಿಜವಾದ ಬಳಕೆ, ಅಷ್ಟೇ. ತಿಂಗಳಿಗೆ ನೂರು ಹಾರಿಸುವವರಿಗೆ 1200. ಅಭಾವ ಶುರುವಾದ ದಿನ ಅಂಗಡಿಗೆ ಓಡದಿರಲು ಅದು ಸಾಕು. ಅದಕ್ಕಿಂತ ಹೆಚ್ಚು ಬಾಚುವುದೇ ಪಕ್ಕದವನ ಕಪಾಟು ಬರಿದಾಗಲು ಕಾರಣ. ಅಭಾವದ ತಿಂಗಳುಗಳಲ್ಲಿ ನೂರನ್ನು ಮೂವತ್ತಕ್ಕೆ ಇಳಿಸಿ, ಉಳಿದ ಅಭ್ಯಾಸ ಖಾಲಿ ಪಿಸ್ತೂಲಿನಲ್ಲಿ ಮಾಡಿ. ತೋಟಾ ಇನ್ನೊಂದು ಕೋಣೆಯಲ್ಲಿಟ್ಟು, ಗೋಡೆಯ ಚುಕ್ಕಿಗೆ ಗುರಿಯಿಟ್ಟು ಕುದುರೆ ಎಳೆದಾಗ ಮುಂದಿನ ಗುರಿಗಂಬ ಅಲುಗದಿರುವವರೆಗೆ. .22 ಪಿಸ್ತೂಲಿನ ಹಳೆಯ ಮಾದರಿಗಳಲ್ಲಿ ಮಾತ್ರ ಹೀಗೆ ಖಾಲಿ ಬಡಿದರೆ ತೋಟಾದ ಬುಡಕ್ಕೆ ಬಡಿಯುವ ಮೊಳೆ ಕೋಣೆಯ ಅಂಚಿಗೆ ತಾಗಿ ಹಾಳಾಗುತ್ತದೆ.

ಇಡುವ ಜಾಗ ತಂಪಾಗಿ, ಒಣಗಿರಬೇಕು. ರಬ್ಬರ್ ಅಂಚಿನ ಸೇನಾ ತೋಟಾ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಕೊಂಡ ತಿಂಗಳು ಬರೆದ ಚೀಟಿ. ಹಳೆಯದು ಮೊದಲು ಖರ್ಚಾಗಲಿ. ಅಟ್ಟ, ಕಾರಿನ ಡಿಕ್ಕಿ ಬೇಡ. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಚರ್ಮ ಹದ ಮಾಡಿದ ಆಮ್ಲಕ್ಕೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ.

ಪ್ರ: ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟರೂ ಅಂಗಡಿಯವರು ತೋಟಾ ಕೊಡಲಿಲ್ಲ, ತಪಾಸಣೆಯಲ್ಲಿ ತಿರಸ್ಕೃತ ಎಂದರು. ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ. (ಸ್ಯಾನ್ ಹೋಸೆ)

ಉ: ಬಹುಶಃ ವಿಳಾಸ. ಅಲ್ಲಿ 2019ರ ಜುಲೈನಿಂದ ಪ್ರತಿ ಖರೀದಿಗೂ ತಪಾಸಣೆ ಬಂತು. ನಿಮ್ಮ ಕೋವಿ ದಾಖಲಾದಾಗಿನ ವಿಳಾಸವೂ ಈಗಿನ ಚಾಲನಾ ಪರವಾನಗಿಯ ವಿಳಾಸವೂ ಹೊಂದದಿದ್ದರೆ ಯಂತ್ರ ಇಲ್ಲ ಎನ್ನುತ್ತದೆ. ರಾಜ್ಯದ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಕೋವಿ ದಾಖಲೆಯ ವಿಳಾಸ ಬದಲಿಸಿ, ಮತ್ತೆ ಹೋಗಿ. ಪರವಾನಗಿಯ ಮೇಲೆ ‘ಒಕ್ಕೂಟ ಮಿತಿ ಅನ್ವಯ’ ಎಂಬ ಅರ್ಥದ ಸಾಲಿದ್ದರೆ ಪಾಸ್‌ಪೋರ್ಟಿನಂಥ ಹೆಚ್ಚಿನ ದಾಖಲೆಯೂ ಬೇಕು. ಈ ಕಾನೂನಿನ ಮೇಲೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಿದೆ, ಕೊಳ್ಳುವ ದಿನದ ನಿಯಮ ಅಂಗಡಿಯಲ್ಲೇ ಕೇಳಿ. 2024ರ ಜುಲೈನಿಂದ ರಾಜ್ಯದ ಹೆಚ್ಚುವರಿ 11 ಶೇಕಡಾ ತೆರಿಗೆಯೂ ಇದೆ. ತಯಾರಕರ ಮೇಲಿನ ಒಕ್ಕೂಟದ 11 ಶೇಕಡಾ ಬೆಲೆಯೊಳಗೇ ಸೇರಿರುತ್ತದೆ, ಇದು ಅದರ ಮೇಲೆ.

ಪ್ರ: ಮಗ ಅಮೆರಿಕದಿಂದ ಬರುತ್ತಿದ್ದಾನೆ. ಅಲ್ಲಿ ರೇಂಜಿಗೆ ಹೋಗುವ ಅಭ್ಯಾಸ. ಬ್ಯಾಗಿನಲ್ಲಿ ಗುಂಡು ಸಿಕ್ಕಿ ವಿಮಾನ ನಿಲ್ದಾಣದಲ್ಲಿ ಹಿಡಿದರೆಂಬ ಸುದ್ದಿ ಓದಿ ದಿಗಿಲಾಗಿದೆ. (ಬೆಂಗಳೂರು)

ಉ: ದಿಗಿಲಿಗೆ ಕಾರಣವಿದೆ. ಪರವಾನಗಿ ಇಲ್ಲದೆ ಒಂದೇ ತೋಟಾ ಇದ್ದರೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಅಮೆರಿಕದ ವಿಮಾನಗಳಲ್ಲಿ 5 ಕಿಲೋವರೆಗೆ ಒಪ್ಪುತ್ತಾರಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ತೊಂದರೆ ಹೆಚ್ಚಾಗಿ ಎದುರಾಗುವುದು ಬರುವಾಗಲ್ಲ. ರಜೆ ಮುಗಿಸಿ ವಾಪಸ್ ಹೊರಟಾಗ ಕೆಂಪೇಗೌಡ ನಿಲ್ದಾಣದ ಎಕ್ಸ್‌ರೇಯಲ್ಲಿ. ಗೊತ್ತಿಲ್ಲದೆ ಉಳಿದ ತೋಟಾದ ಪ್ರಕರಣಗಳನ್ನು, ತಿಳಿದೂ ಹೊಂದಿದ್ದಲ್ಲ ಎಂಬ ಕಾರಣಕ್ಕೆ, ಹೈಕೋರ್ಟುಗಳು ರದ್ದುಮಾಡಿವೆ. ಆದರೆ ಅದಕ್ಕೆ ವಕೀಲರು, ತಿಂಗಳುಗಳು ಬೇಕು. ಆ ದಿನದ ವಿಮಾನ ಅಂತೂ ಹೋಗುತ್ತದೆ.

ಮಗನಿಗೆ ಹೇಳಿ: ರೇಂಜಿಗೆ ಒಯ್ಯುವ ಬ್ಯಾಗು ಊರಿಗೆ ಬರಬಾರದು, ತೊಳೆದಿದ್ದರೂ ಸರಿಯೇ. ಬೇರೆ ಬ್ಯಾಗೇ ಇಲ್ಲವೆಂದರೆ ಪೂರ್ತಿ ಖಾಲಿ ಮಾಡಿ, ತಲೆಕೆಳಗು ಹಿಡಿದು ಬಡಿದು, ಹರಿದ ಅಸ್ತರಿನ ಒಳಗೆ ಬೆರಳು ಹಾಕಿ ಮೂಲೆ ಮೂಲೆ ತಡವಬೇಕು. .22 ತೋಟಾ ಒಂದು ಅಂಗುಲ ಉದ್ದ, ಬುಡದ ಅಗಲ 7 ಮಿಲಿಮೀಟರ್. ಅಸ್ತರಿನ ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ಹೊರಗಿನಿಂದ ತಿಳಿಯುವುದೇ ಇಲ್ಲ. ಜೀನ್ಸಿನ ಚಿಲ್ಲರೆ ಜೇಬು, ಮಡಚಿದ ಪ್ಯಾಂಟಿನ ಅಂಚು, ಷೂ ಅಡಿಯ ಗೀರುಗಳನ್ನೂ ನೋಡಲಿ. ಹಾರಿದ ಖಾಲಿ ಕೇಸು ಸಿಡಿದು ಇಂಥಲ್ಲೇ ಬೀಳುತ್ತದೆ. ಅದನ್ನು ನೆನಪಿಗೆಂದು ಕೀಲಿಗೊಂಚಲಿಗೆ ಕಟ್ಟಿಕೊಂಡಿದ್ದರೆ ಅದೂ ಅಲ್ಲೇ ಉಳಿಯಲಿ, ತಪಾಸಣೆಯವರು ಖಾಲಿ ಕೇಸನ್ನೂ ಬಿಡುವುದಿಲ್ಲ.